‘ಅವಳಿಗೇನು ಗೊತ್ತಾಗುತ್ತೆ ಪಾಪ’ ಎಂಬ ಮಾತು ಸುಪ್ರೀಂ ಕೋರ್ಟಿಗೆ ಹೋದಾಗ

2009ರ ಮೇ 16. ಚಂಡೀಗಢದಲ್ಲಿ ‘ಆಶ್ರೇಯ’ ಎಂಬ ಹೊಸ ಸರ್ಕಾರಿ ಆಶ್ರಯ ಕೇಂದ್ರ. ಅಲ್ಲಿದ್ದ ಯುವತಿಯೊಬ್ಬಳಿಗೆ ವಾಕರಿಕೆ ಬರುತ್ತಿತ್ತು. ಕೆಳಹೊಟ್ಟೆ ನೋಯುತ್ತಿದೆ ಎಂದಳು. ಎರಡು ತಿಂಗಳಿಂದ ಮುಟ್ಟಾಗಿಲ್ಲ ಎಂದೂ ಹೇಳಿದಳು. ಅಲ್ಲಿನ ಸಮಾಜ ಕಾರ್ಯಕರ್ತೆ ಮತ್ತು ನರ್ಸ್ ಯಾರ ಆದೇಶಕ್ಕೂ ಕಾಯದೆ ಮೂತ್ರ ಪರೀಕ್ಷೆ ಮಾಡಿದರು. ಆಕೆ ಗರ್ಭಿಣಿ ಎಂದು ಗೊತ್ತಾಯಿತು.

ಆ ಯುವತಿಗೆ ಅಪ್ಪ ಅಮ್ಮ ಇಲ್ಲ. ಚಿಕ್ಕವಳಿದ್ದಾಗಲೇ ಬಿಟ್ಟುಹೋಗಿದ್ದರು. ಮೊದಲು ದೆಹಲಿಯಲ್ಲಿ ಮಿಷನರೀಸ್ ಆಫ್ ಚಾರಿಟಿಯವರ ಆಸರೆಯಲ್ಲಿ ಇದ್ದಳು. ಆಮೇಲೆ ಚಂಡೀಗಢದಲ್ಲಿ ಬುದ್ಧಿಮಾಂದ್ಯ ಮಕ್ಕಳ ಸರ್ಕಾರಿ ಸಂಸ್ಥೆ, ಅಲ್ಲಿಂದ ಸೆಕ್ಟರ್ 26ರ ನಾರಿ ನಿಕೇತನ. ನಮ್ಮ ಕಡೆ ರಾಜ್ಯ ಮಹಿಳಾ ನಿಲಯ ಇದೆಯಲ್ಲ, ಆ ಥರದ್ದು. ಆಶ್ರೇಯಕ್ಕೆ ಬಂದದ್ದು ಅದೇ ವರ್ಷದ ಮಾರ್ಚ್ 13ರಂದು. ಅಂದರೆ ಬದುಕಿನ ಬಹುಪಾಲು ಯಾವುದಾದರೂ ಒಂದು ಸಂಸ್ಥೆಯ ಗೋಡೆಯೊಳಗೇ ಕಳೆದಿತ್ತು. ಅತ್ಯಾಚಾರ ನಡೆದದ್ದೂ ಸರ್ಕಾರವೇ ನಡೆಸುತ್ತಿದ್ದ ಸಂಸ್ಥೆಯಲ್ಲಿ ಇದ್ದಾಗಲೇ.

ಮೇ 18ರಂದು ಇಬ್ಬರು ಸ್ತ್ರೀರೋಗ ತಜ್ಞರು ಮತ್ತು ಒಬ್ಬ ರೇಡಿಯಾಲಜಿಸ್ಟ್ ಇದ್ದ ಮಂಡಳಿ ಆಕೆಯನ್ನು ಪರೀಕ್ಷಿಸಿತು. ಸ್ಕ್ಯಾನಿಂಗ್ ಪ್ರಕಾರ ಗರ್ಭಕ್ಕೆ 8 ವಾರ 5 ದಿನ. ಅವತ್ತೇ ಸೆಕ್ಟರ್ 26ರ ಠಾಣೆಯಲ್ಲಿ ಅತ್ಯಾಚಾರ ಮತ್ತು ಒಳಸಂಚಿನ ಎಫ್‌ಐಆರ್ ಆಯಿತು. ಎರಡು ದಿನ ಬಿಟ್ಟು ಮೂಳೆ ಪರೀಕ್ಷೆ ಮಾಡಿ ವಯಸ್ಸು 19–20 ಇರಬಹುದು ಎಂದರು. ಈ ಕೊನೆಯ ಅಂಕಿ ತುಂಬಾ ಮುಖ್ಯ. ಆಕೆ 18 ದಾಟಿದ್ದಳು. ಕಾನೂನಿನ ಕಣ್ಣಲ್ಲಿ ವಯಸ್ಕಳು.

ಇಲ್ಲಿಂದ ಎರಡು ದಾರಿ ಕವಲೊಡೆದವು. ಒಂದು ಕ್ರಿಮಿನಲ್ ಕೇಸು. ಇನ್ನೊಂದು, ಆಕೆಯ ಹೊಟ್ಟೆಯಲ್ಲಿದ್ದ ಮಗುವಿನ ಬಗ್ಗೆ ತೀರ್ಮಾನ ತೆಗೆದುಕೊಳ್ಳುವವರು ಯಾರು ಎಂಬುದು. ಈ ಎರಡನೆಯದೇ ‘ಸುಚಿತಾ ಶ್ರೀವಾಸ್ತವ ವಿರುದ್ಧ ಚಂಡೀಗಢ ಆಡಳಿತ’ ಎಂಬ ಹೆಸರಲ್ಲಿ ಸುಪ್ರೀಂ ಕೋರ್ಟ್ ತನಕ ಹೋಯಿತು. ಶೀರ್ಷಿಕೆಯಲ್ಲಿರುವ ಹೆಸರು ಆ ಯುವತಿಯದ್ದಲ್ಲ. ಅತ್ಯಾಚಾರಕ್ಕೆ ಒಳಗಾದವರ ಗುರುತು ಹೊರಗೆ ಹಾಕಬಾರದು ಎಂದು ಕಾನೂನೇ ಹೇಳುತ್ತದೆ. ಹಾಗಾಗಿ ಇಲ್ಲಿಯೂ ಆಕೆ ‘ಆಕೆ’ಯಾಗಿಯೇ ಇರುತ್ತಾಳೆ.

ಎರಡು ಸಮಿತಿ, ಎರಡು ಉತ್ತರ

ಚಂಡೀಗಢ ಆಡಳಿತ ಮನೋವೈದ್ಯರ ಮಂಡಳಿಯಿಂದ ಆಕೆಯ ಮಾನಸಿಕ ಸ್ಥಿತಿ ಪರೀಕ್ಷೆ ಮಾಡಿಸಿತು. ಬಂದ ಉತ್ತರ: ಸೌಮ್ಯ ಪ್ರಮಾಣದ ಬುದ್ಧಿಮಾಂದ್ಯತೆ. ಮೇ 27ರಂದು ಇನ್ನೊಂದು ಮಂಡಳಿ ಗರ್ಭಪಾತ ಮಾಡಿಸುವುದೇ ಒಳ್ಳೆಯದು ಎಂದು ವರದಿ ಕೊಟ್ಟಿತು. ಆಡಳಿತ ಆ ವರದಿ ಹಿಡಿದುಕೊಂಡು ಪಂಜಾಬ್ ಮತ್ತು ಹರಿಯಾಣ ಹೈಕೋರ್ಟಿಗೆ ಹೋಗಿ ಅನುಮತಿ ಕೇಳಿತು.

ಹೈಕೋರ್ಟ್ ಸುಮ್ನೆ ಒಪ್ಪಲಿಲ್ಲ. ಜೂನ್ 9ರಂದು ತಜ್ಞರ ಒಂದು ಸಮಿತಿ ಮಾಡಿತು. ಅದರಲ್ಲಿ ವೈದ್ಯರ ಜೊತೆ ಒಬ್ಬರು ನ್ಯಾಯಾಂಗ ಅಧಿಕಾರಿಯೂ ಇದ್ದರು. ಈ ಸಮಿತಿ ಹೋಗಿ ಆಕೆಯ ಜೊತೆ ಮಾತಾಡಿತು. ತನ್ನ ಹೊಟ್ಟೆಯಲ್ಲಿ ಮಗು ಇದೆ ಎಂಬುದು ಆಕೆಗೆ ಗೊತ್ತಿತ್ತು. ಆ ಮಗು ಬೇಕು ಎಂದು ಆಕೆ ಹೇಳಿದಳು. ಹೆರಲು ದೇಹಕ್ಕೆ ಶಕ್ತಿ ಇದೆ, ಆದರೆ ಸಾಕಲು ಬೇರೆಯವರ ನೆರವು ಬೇಕಾಗುತ್ತದೆ ಎಂಬುದು ಸಮಿತಿಯ ಅಭಿಪ್ರಾಯ. ಗರ್ಭ ಮುಂದುವರಿಯಲಿ ಎಂದೇ ಅದು ಶಿಫಾರಸು ಮಾಡಿತು.

ಇಷ್ಟಾದ ಮೇಲೂ ಜುಲೈ 17ರಂದು ಹೈಕೋರ್ಟ್ ಗರ್ಭಪಾತಕ್ಕೆ ಆದೇಶಿಸಿತು. ತಾನೇ ನೇಮಿಸಿದ ಸಮಿತಿಯ ಶಿಫಾರಸನ್ನು ಪಕ್ಕಕ್ಕಿಟ್ಟಿತು. ಆಕೆಗೆ ಸ್ವಂತ ತೀರ್ಮಾನ ಮಾಡುವ ಶಕ್ತಿ ಇಲ್ಲ, ನೋಡಿಕೊಳ್ಳಲು ಮನೆಯವರಿಲ್ಲ, ಗರ್ಭ ಅತ್ಯಾಚಾರದಿಂದ ಆದದ್ದು, ಹಾಗಾಗಿ ಗರ್ಭ ತೆಗೆಸುವುದೇ ಆಕೆಗೆ ಹಿತ ಎಂಬುದು ಅದರ ವಾದ.

ಈ ವಾದದಲ್ಲಿ ಕೆಟ್ಟ ಮನಸ್ಸಿದೆ ಎಂದು ನನಗೆ ಅನ್ನಿಸುವುದಿಲ್ಲ. ಇಂಥ ಮಕ್ಕಳಿರುವ ಎಷ್ಟೋ ಮನೆಗಳಲ್ಲಿ ದಿನವೂ ಕೇಳುವ ಮಾತೇ ಇದು. ‘ಅವಳಿಗೇನು ಗೊತ್ತಾಗುತ್ತೆ ಪಾಪ, ನಾವೇ ನೋಡಿ ಮಾಡಬೇಕು.’ ಪ್ರೀತಿಯಿಂದಲೇ ಹೇಳುತ್ತಾರೆ. ಆದರೆ ಆ ‘ಪಾಪ’ ಎಂಬ ಮಾತಿನ ಹಿಂದೆಯೇ ಆಕೆ ಹೇಳಿದ್ದೆಲ್ಲ ಲೆಕ್ಕಕ್ಕೆ ಇಲ್ಲದಂತೆ ಆಗಿಬಿಡುತ್ತದೆ. ಮುಟ್ಟು ನಿಂತದ್ದನ್ನು ಗಮನಿಸಿ ಬಾಯಿಬಿಟ್ಟು ಹೇಳಿದ್ದು ಯಾರು? ಆಕೆಯೇ ಅಲ್ವಾ? ತನ್ನ ಮೈಯಲ್ಲಿ ಆಗುತ್ತಿರುವುದು ಆಕೆಗೆ ಅಷ್ಟರಮಟ್ಟಿಗೆ ಗೊತ್ತಿತ್ತು.

ಇನ್ನೊಂದು ವಿಷಯ ಇಲ್ಲಿ ಹೇಳಲೇಬೇಕು. ಕೋರ್ಟಿನ ಮುಂದೆ ಪೋಷಕನ ಜಾಗದಲ್ಲಿ ನಿಂತಿದ್ದವರು ಯಾರು? ಸರ್ಕಾರ. ಆಕೆಯನ್ನು ಕಾಪಾಡಬೇಕಿದ್ದ ಮನೆ ಯಾರದ್ದು? ಅದೂ ಸರ್ಕಾರದ್ದೇ. ತನ್ನ ಸೂರಿನ ಕೆಳಗೆ ಅತ್ಯಾಚಾರವಾಗಲು ಬಿಟ್ಟ ವ್ಯವಸ್ಥೆ, ಆಮೇಲೆ ಆಕೆಯ ಹಿತ ಯಾವುದು ಎಂದು ಹೇಳಲು ತಾನೇ ಮುಂದೆ ಬಂತು. ಯಾವುದೇ ದುರುದ್ದೇಶ ಇಲ್ಲದಿದ್ದರೂ, ಗರ್ಭ ಹೋದರೆ ಮುಜುಗರವೂ ಹೋಗುತ್ತದೆ ಎಂಬ ಸ್ಥಿತಿಯಲ್ಲಿದ್ದ ಪೋಷಕ ಅದು. ಅಂಥವರ ಕೈಯಲ್ಲಿ ಈ ತೀರ್ಮಾನ ಬಿಡಬಾರದು ಎಂಬುದೊಂದೇ ಸಾಕಿತ್ತು, ಹೈಕೋರ್ಟ್ ಇನ್ನೂ ಹತ್ತು ಸಲ ಯೋಚಿಸಲು.

ಕಾಯ್ದೆಯ ಒಂದು ಸಾಲು

ಸುಪ್ರೀಂ ಕೋರ್ಟಿಗೆ ಮೇಲ್ಮನವಿ ಹೋದಾಗ ಸಮಯ ತೀರಾ ಕಡಿಮೆ ಇತ್ತು. ಆಗಿನ ಕಾಯ್ದೆಯಲ್ಲಿ ಗರ್ಭಪಾತಕ್ಕೆ 20 ವಾರದ ಗಡಿ. ಅದು ಹತ್ತಿರ ಬರುತ್ತಿತ್ತು. ಮುಖ್ಯ ನ್ಯಾಯಮೂರ್ತಿ ಕೆ.ಜಿ. ಬಾಲಕೃಷ್ಣನ್, ನ್ಯಾಯಮೂರ್ತಿಗಳಾದ ಪಿ. ಸದಾಶಿವಂ ಮತ್ತು ಬಿ.ಎಸ್. ಚೌಹಾಣ್ ಅವರಿದ್ದ ಪೀಠ ಜುಲೈ 21ರಂದು ಹೈಕೋರ್ಟ್ ಆದೇಶಕ್ಕೆ ತಡೆ ಕೊಟ್ಟಿತು. ಕಾರಣಗಳನ್ನು ವಿವರಿಸಿದ ತೀರ್ಪು ಆಗಸ್ಟ್ 28ರಂದು ಬಂತು.

ತೀರ್ಪು ನಿಂತಿರುವುದು 1971ರ ವೈದ್ಯಕೀಯ ಗರ್ಭಪಾತ ಕಾಯ್ದೆಯ ಒಂದೇ ಒಂದು ಸಾಲಿನ ಮೇಲೆ. ಗರ್ಭಪಾತಕ್ಕೆ ಆ ಹೆಂಗಸಿನ ಒಪ್ಪಿಗೆಯೇ ಬೇಕು ಎಂಬುದು ನಿಯಮ. ಅದಕ್ಕೆ ವಿನಾಯಿತಿ ಎರಡೇ: 18 ತುಂಬದ ಹುಡುಗಿ, ಮತ್ತು ‘ಮಾನಸಿಕ ಅಸ್ವಸ್ಥ’ ಮಹಿಳೆ. ಇವರ ವಿಷಯದಲ್ಲಿ ಮಾತ್ರ ಪೋಷಕರ ಲಿಖಿತ ಒಪ್ಪಿಗೆ. ಮೊದಲು ಕಾಯ್ದೆಯಲ್ಲಿ ‘ಹುಚ್ಚಿ’ ಎಂಬ ಅರ್ಥದ ಹಳೆಯ ಪದ ಇತ್ತು. 2002ರಲ್ಲಿ ಸಂಸತ್ತು ಅದನ್ನು ತೆಗೆದು ‘ಮಾನಸಿಕ ಅಸ್ವಸ್ಥ ವ್ಯಕ್ತಿ’ ಎಂದು ಮಾಡಿತು. ಅದರ ವಿವರಣೆಯಲ್ಲಿ, ಬುದ್ಧಿಮಾಂದ್ಯತೆಯನ್ನು ಬಿಟ್ಟು ಬೇರೆ ಮಾನಸಿಕ ಕಾಯಿಲೆಗೆ ಚಿಕಿತ್ಸೆ ಬೇಕಾದವರು ಎಂದು ಬರೆಯಿತು. ಬುದ್ಧಿಮಾಂದ್ಯತೆಯನ್ನು ಬಿಟ್ಟು. ಇಡೀ ಪ್ರಕರಣದ ತಿರುಳು ಇದೇ.

ಬುದ್ಧಿಮಾಂದ್ಯತೆ ಕಾಯಿಲೆಯಲ್ಲ, ಅದು ಹುಟ್ಟಿನಿಂದಲೋ ಬಾಲ್ಯದಿಂದಲೋ ಇರುವ ಸ್ಥಿತಿ. ಎರಡನ್ನೂ ಒಂದೇ ಬುಟ್ಟಿಗೆ ಹಾಕಬಾರದು ಎಂದು ಸಂಸತ್ತು ಗೊತ್ತಿದ್ದೇ ಬರೆದಿದೆ. ಅಂದಮೇಲೆ ಬುದ್ಧಿಮಾಂದ್ಯತೆ ಇರುವ ವಯಸ್ಕ ಮಹಿಳೆಯ ಗರ್ಭಪಾತಕ್ಕೆ ಆಕೆಯ ಒಪ್ಪಿಗೆ ಬೇಕೇ ಬೇಕು. ಬೇರೆ ಕೆಲವು ಕಾಯ್ದೆಗಳ ಅಡಿ ಸರ್ಕಾರ ಆಕೆಯ ಪೋಷಕ ಎನಿಸಿಕೊಳ್ಳಬಹುದು. ಈ ಒಂದು ವಿಷಯದಲ್ಲಿ ಆಕೆಯ ಪರವಾಗಿ ಸಹಿ ಹಾಕುವ ಅಧಿಕಾರ ಅದಕ್ಕಿಲ್ಲ.

‘ಅತ್ಯಾಚಾರದ ಗರ್ಭ ತಾನೆ?’ ಎಂಬ ವಾದಕ್ಕೂ ಉತ್ತರ ಕಾಯ್ದೆಯಲ್ಲೇ ಇದೆ. ಅತ್ಯಾಚಾರದಿಂದ ಗರ್ಭವಾದರೆ ಅದರ ನೋವು ಮಹಿಳೆಯ ಮಾನಸಿಕ ಆರೋಗ್ಯಕ್ಕೆ ತೀವ್ರ ಹಾನಿ ಎಂದೇ ಭಾವಿಸಬೇಕು ಎಂದು ಕಾಯ್ದೆ ಹೇಳುತ್ತದೆ. ಆದರೆ ಅದು ಗರ್ಭಪಾತ ಬೇಕು ಎನ್ನುವವಳಿಗೆ ತೆರೆದಿಟ್ಟ ಬಾಗಿಲು. ಬೇಡ ಎನ್ನುವವಳನ್ನು ಎಳೆದುಕೊಂಡು ಹೋಗಲು ಕೊಟ್ಟ ಹಗ್ಗ ಅಲ್ಲ.

ತಾಯಿಯಾಗುವ ಅಥವಾ ಆಗದಿರುವ ಆಯ್ಕೆ ಸಂವಿಧಾನದ 21ನೇ ವಿಧಿಯ ವೈಯಕ್ತಿಕ ಸ್ವಾತಂತ್ರ್ಯದ ಭಾಗ ಎಂದು ಪೀಠ ಸ್ಪಷ್ಟವಾಗಿ ಹೇಳಿತು. ಬುದ್ಧಿಮಾಂದ್ಯತೆ ಮಕ್ಕಳಿಗೂ ಬರುತ್ತದೆ ಎಂಬ ಭಯದಿಂದ ಇಂಥವರಿಗೆ ಬಲವಂತದ ಗರ್ಭಪಾತ, ಸಂತಾನಹರಣ ಮಾಡಿದ ಕಾಲವೊಂದಿತ್ತು, ಆ ಸಿದ್ಧಾಂತ ಸುಳ್ಳು ಎಂದು ಎಂದೋ ಸಾಬೀತಾಗಿದೆ ಎಂದೂ ನೆನಪಿಸಿತು. ನಮ್ಮಲ್ಲೂ ಅಂಥದ್ದು ನಡೆದು ಜಾಸ್ತಿ ವರ್ಷ ಆಗಿಲ್ಲ. 1994ರಲ್ಲಿ ಪುಣೆ ಹತ್ತಿರದ ಶಿರೂರಿನ ಸರ್ಕಾರಿ ಸಂಸ್ಥೆಯಲ್ಲಿದ್ದ ಹೆಣ್ಣುಮಕ್ಕಳಿಗೆ ಪುಣೆಯ ಸಸೂನ್ ಆಸ್ಪತ್ರೆಯಲ್ಲಿ ಗರ್ಭಕೋಶ ತೆಗೆದರು. ಕೊಟ್ಟ ಕಾರಣ, ಮುಟ್ಟಿನ ದಿನಗಳಲ್ಲಿ ಅವರನ್ನು ಶುಚಿಯಾಗಿಡುವುದು ಕಷ್ಟ ಎಂದು. ದೊಡ್ಡ ಗಲಾಟೆಯಾದ ಮೇಲೆ ನಿಂತಿತು. ಅಲ್ಲಿಯೂ ಎಲ್ಲರೂ ‘ಒಳ್ಳೆಯದಕ್ಕೇ’ ಮಾಡಿದ್ದು.

ಪೀಠ ಕೈತೊಳೆದುಕೊಳ್ಳಲಿಲ್ಲ ಎಂಬುದೂ ಮುಖ್ಯ. ‘ನಿನ್ನ ಇಷ್ಟ, ನೀನೇ ನೋಡಿಕೋ’ ಎಂದು ಬಿಟ್ಟಿದ್ದರೆ ಅದು ಇನ್ನೊಂದು ಥರದ ಕೈಬಿಡುವಿಕೆ. ಅಂಗವಿಕಲರ ಹಿತಕ್ಕಾಗಿ 1999ರ ಕಾಯ್ದೆಯಡಿ ಹುಟ್ಟಿದ ರಾಷ್ಟ್ರೀಯ ಟ್ರಸ್ಟ್ ಆಕೆಯನ್ನೂ ಮಗುವನ್ನೂ ನೋಡಿಕೊಳ್ಳಲು ಮುಂದೆ ಬಂದಿತ್ತು. ಕೋರ್ಟ್ ಅದನ್ನು ದಾಖಲಿಸಿ, ಹೆರಿಗೆಗೆ ಮುಂಚೆ ಮತ್ತು ನಂತರ ಒಳ್ಳೆಯ ವೈದ್ಯಕೀಯ ಆರೈಕೆ ಕೊಡಬೇಕೆಂದು ನಿರ್ದೇಶಿಸಿತು.

ಆದರೆ ಅತ್ಯಾಚಾರದ ಕೇಸಿನಲ್ಲಿ?

ಈ ಪ್ರಕರಣ ಓದಿದ ತುಂಬಾ ಜನ ಇಲ್ಲಿ ತಡವರಿಸುತ್ತಾರೆ. ಲೈಂಗಿಕ ಸಂಪರ್ಕಕ್ಕೆ ಒಪ್ಪಿಗೆ ಕೊಡುವಷ್ಟು ಬುದ್ಧಿ ಆಕೆಗಿಲ್ಲ ಎಂದು ಅತ್ಯಾಚಾರದ ಕೇಸು ಹಾಕಿ, ಅದೇ ಬಾಯಲ್ಲಿ ಮಗು ಬೇಕು ಎಂದು ತೀರ್ಮಾನಿಸುವ ಬುದ್ಧಿ ಇದೆ ಎನ್ನುವುದು ಹೇಗೆ? ಎರಡೂ ಒಟ್ಟಿಗೆ ನಿಜವಾಗಲು ಸಾಧ್ಯವೇ?

ಸಾಧ್ಯ. ಕಾನೂನು ಒಬ್ಬರಿಗೆ ‘ಬುದ್ಧಿ ಇದೆ’, ‘ಬುದ್ಧಿ ಇಲ್ಲ’ ಎಂದು ಹಣೆಗೆ ಚೀಟಿ ಅಂಟಿಸುವುದಿಲ್ಲ, ಅಂಟಿಸಬಾರದು. ಯಾವ ವಿಷಯ, ಯಾವ ಹೊತ್ತು, ಎದುರಿಗೆ ಯಾರು, ಎಷ್ಟು ವಿವರಿಸಿ ಹೇಳಿದರು ಎಂಬುದರ ಮೇಲೆ ಉತ್ತರ ಬದಲಾಗುತ್ತದೆ. ಆಗ ಜಾರಿಯಲ್ಲಿದ್ದ ಭಾರತೀಯ ದಂಡ ಸಂಹಿತೆಯಲ್ಲಿ (ಐಪಿಸಿ) ಅತ್ಯಾಚಾರ ಎಂದರೇನು ಎಂದು ಹೇಳುವ 375ನೇ ಕಲಂ ಓದಿ ನೋಡಿ. ಮನಸ್ಸಿನ ಅಸ್ವಸ್ಥತೆಯಿಂದಾಗಿ, ತಾನು ಒಪ್ಪುತ್ತಿರುವ ವಿಷಯದ ಸ್ವರೂಪ ಮತ್ತು ಪರಿಣಾಮ ತಿಳಿಯದೆ ಕೊಟ್ಟ ಒಪ್ಪಿಗೆ ಒಪ್ಪಿಗೆಯಲ್ಲ ಎಂದು ಅದು ಹೇಳುತ್ತದೆ. ಪ್ರಶ್ನೆ ಆ ಒಂದು ಕೃತ್ಯದ ಬಗ್ಗೆ. ಆಕೆಯ ಇಡೀ ಬದುಕಿನ ಬಗ್ಗೆ ಅಲ್ಲ.

ಆಶ್ರಯಧಾಮದ ಒಳಗಿನ ಪರಿಸ್ಥಿತಿ ಊಹಿಸಿಕೊಳ್ಳಿ. ಊಟ, ಬಟ್ಟೆ, ಬಾಗಿಲಿನ ಕೀಲಿ ಎಲ್ಲವೂ ಬೇರೆಯವರ ಕೈಯಲ್ಲಿ. ಹೇಳಿದಂತೆ ಕೇಳುವುದನ್ನೇ ಚಿಕ್ಕಂದಿನಿಂದ ಕಲಿಸಿದ್ದಾರೆ. ಅಂಥವಳು ಕೂಗಲಿಲ್ಲ, ತಳ್ಳಲಿಲ್ಲ ಎಂದರೆ ಅದನ್ನು ಒಪ್ಪಿಗೆ ಎನ್ನಲು ಆಗುತ್ತದೆಯೇ? ಮಹಿಳಾ ಸಂಸ್ಥೆಗಳ ಸಿಬ್ಬಂದಿ ತಮ್ಮ ಸ್ಥಾನ ಬಳಸಿಕೊಂಡು ಅತ್ಯಾಚಾರ ಮಾಡಿದರೆ ಜಾಸ್ತಿ ಶಿಕ್ಷೆ ಎಂಬ ನಿಯಮ 1983ರಿಂದಲೇ ಇರುವುದು ಇದಕ್ಕಾಗಿ. ಇನ್ನೊಂದು ಕಡೆ, ಸಮಿತಿಯವರು ಸಮಯ ಕೊಟ್ಟು, ಭಯ ಹುಟ್ಟಿಸದೆ, ಆಕೆಗೆ ಅರ್ಥವಾಗುವಂತೆ ಕೇಳಿದ್ದು ಬೇರೆಯದೇ ಪ್ರಶ್ನೆ. ಮೊದಲನೆಯ ಕಡೆ ಆಕೆಯ ದೌರ್ಬಲ್ಯವನ್ನು ಬಳಸಿಕೊಂಡರು. ಎರಡನೆಯ ಕಡೆ ಆಕೆಯ ಶಕ್ತಿಗೆ ಜಾಗ ಮಾಡಿಕೊಟ್ಟರು. ರಕ್ಷಣೆಗೆ ಮಾಡಿದ ಕಾನೂನನ್ನೇ ತಿರುಗಿಸಿ ಹಿಡಿದು ಆಕೆಯ ಬಾಯಿ ಮುಚ್ಚಿಸಿದರೆ, ಆಕೆ ಎರಡು ಸಲ ಕಳೆದುಕೊಂಡಂತೆ.

ಕ್ರಿಮಿನಲ್ ಕಾನೂನಿಗೆ 2013ರಲ್ಲಿ ಬಂದ ತಿದ್ದುಪಡಿ ಈ ವಿಷಯವನ್ನು ಇನ್ನಷ್ಟು ಬಿಡಿಸಿ ಬರೆಯಿತು. ಒಪ್ಪಿಗೆ ಕೊಡಲಾಗದ ಮಹಿಳೆಯ ಮೇಲೆ ಅತ್ಯಾಚಾರ ಒಂದು ಉಪಕಲಂ, ಮಾನಸಿಕ ಅಥವಾ ದೈಹಿಕ ಅಂಗವಿಕಲತೆ ಇರುವ ಮಹಿಳೆಯ ಮೇಲೆ ಅತ್ಯಾಚಾರ ಇನ್ನೊಂದು ಉಪಕಲಂ. ಎರಡಕ್ಕೂ ಕನಿಷ್ಠ 10 ವರ್ಷ ಶಿಕ್ಷೆ. ಐಪಿಸಿ ಬದಲಿಗೆ 2024ರ ಜುಲೈ 1ರಿಂದ ಜಾರಿಯಾದ ಭಾರತೀಯ ನ್ಯಾಯ ಸಂಹಿತೆಯ 64ನೇ ಕಲಂನಲ್ಲಿ ಇವೆರಡೂ ಹಾಗೇ ಉಳಿದಿವೆ. ಇವು ಎರಡು ಬೇರೆ ಬೇರೆ ಉಪಕಲಂ ಆಗಿರುವುದನ್ನು ಗಮನಿಸಿ. ಅಂಗವಿಕಲತೆ ಇದ್ದ ಮಾತ್ರಕ್ಕೆ ಒಪ್ಪಿಗೆ ಕೊಡಲಾಗದವಳು ಎಂದು ಕಾನೂನು ಎಲ್ಲೂ ಹೇಳಿಲ್ಲ. ಹಾಗೆ ಹೇಳಿದ್ದರೆ ಬೌದ್ಧಿಕ ಅಂಗವಿಕಲತೆ ಇರುವ ಹೆಣ್ಣುಮಗಳು ಯಾರನ್ನಾದರೂ ಇಷ್ಟಪಟ್ಟು ಜೊತೆಗೂಡಿದರೆ ಆಕೆಯ ಸಂಗಾತಿಯೇ ಅಪರಾಧಿಯಾಗಿಬಿಡುತ್ತಿದ್ದ.

ಕೇಸು ದಾಖಲಿಸುವ ವಿಧಾನದಲ್ಲೂ ಅದೇ ತಿದ್ದುಪಡಿ ಒಳ್ಳೆಯ ಬದಲಾವಣೆ ತಂದಿತು. ಅಂಗವಿಕಲ ಸಂತ್ರಸ್ತೆ ಠಾಣೆಗೆ ಅಲೆಯಬೇಕಿಲ್ಲ. ಪೊಲೀಸರೇ ಆಕೆಯ ಮನೆಗೋ ಆಕೆಗೆ ಅನುಕೂಲವಾದ ಜಾಗಕ್ಕೋ ಬಂದು ದೂರು ಬರೆದುಕೊಳ್ಳಬೇಕು. ವಿಶೇಷ ಶಿಕ್ಷಕರು ಅಥವಾ ದುಭಾಷಿ ಜೊತೆಗಿರಬೇಕು, ವಿಡಿಯೊ ಆಗಬೇಕು. ಮ್ಯಾಜಿಸ್ಟ್ರೇಟರ ಮುಂದೆ ಕೊಟ್ಟ ಹೇಳಿಕೆಯನ್ನೇ ವಿಚಾರಣೆಯಲ್ಲಿ ಮುಖ್ಯ ಸಾಕ್ಷ್ಯವಾಗಿ ತೆಗೆದುಕೊಳ್ಳಬಹುದು, ಅದೇ ಕಥೆಯನ್ನು ಆಕೆ ಮತ್ತೆ ಮೊದಲಿಂದ ಹೇಳಬೇಕಿಲ್ಲ. ನಿಮ್ಮ ಮನೆಯಲ್ಲಿ ಅಥವಾ ಶಾಲೆಯಲ್ಲಿ ಇಂಥ ಸಂದರ್ಭ ಬಂದರೆ ಇದನ್ನು ಹಕ್ಕಿನಿಂದಲೇ ಕೇಳಿ.

‘ಮಾನಸಿಕ ವಯಸ್ಸು’ ಎಂಬ ಅಂಕಿ

ವೈದ್ಯರ ವರದಿಗಳಲ್ಲಿ ‘ಮಾನಸಿಕ ವಯಸ್ಸು ಇಷ್ಟು’ ಎಂಬ ಅಂಕಿ ಇರುತ್ತದೆ. ಅದನ್ನು ಓದಿದ ಕೂಡಲೇ ಎಲ್ಲರ ಕಣ್ಣಿಗೆ ಒಂದು ಪುಟ್ಟ ಮಗು ಕಾಣುತ್ತದೆ. ಆದರೆ ಇಪ್ಪತ್ತು ವರ್ಷ ಬದುಕಿದವಳು ಆರು ವರ್ಷದ ಮಗುವಲ್ಲ. ಆಕೆಯ ದೇಹ, ಅನುಭವ, ಆಸೆ, ನೆನಪು ಎಲ್ಲ ಇಪ್ಪತ್ತು ವರ್ಷದ್ದು.

2017ರ ಜುಲೈನಲ್ಲಿ ಸುಪ್ರೀಂ ಕೋರ್ಟ್ ಈ ಪ್ರಶ್ನೆಯನ್ನು ನೇರವಾಗಿ ಎದುರಿಸಿತು. ಅತ್ಯಾಚಾರಕ್ಕೆ ಒಳಗಾದ, ಸೆರೆಬ್ರಲ್ ಪಾಲ್ಸಿ (ಮಿದುಳಿನ ತೊಂದರೆಯಿಂದ ಮೈಕೈ ಚಲನೆ ಕಷ್ಟವಾಗುವ ಸ್ಥಿತಿ) ಇದ್ದ ವಯಸ್ಕ ಮಹಿಳೆಯೊಬ್ಬರ ತಾಯಿ ಕೋರ್ಟಿಗೆ ಬಂದಿದ್ದರು. ಮಗಳ ಮಾನಸಿಕ ವಯಸ್ಸು ಮಗುವಿನಷ್ಟೇ ಇರುವುದರಿಂದ, 18 ತುಂಬದ ಮಕ್ಕಳನ್ನು ಲೈಂಗಿಕ ಅಪರಾಧಗಳಿಂದ ಕಾಪಾಡಲು ಇರುವ ಪೋಕ್ಸೊ ಕಾಯ್ದೆಯಡಿ ವಿಶೇಷ ಕೋರ್ಟಿನಲ್ಲಿ ವಿಚಾರಣೆ ನಡೆಸಿ ಎಂಬುದು ಅವರ ಬೇಡಿಕೆ. ಪೋಕ್ಸೊ ಕೋರ್ಟಿನಲ್ಲಿ ಸಿಗುವ ಮೃದುವಾದ ವಾತಾವರಣ ಮಗಳಿಗೂ ಸಿಗಲಿ ಎಂಬ ತಾಯಿಯ ಆಸೆಯನ್ನು ಯಾರು ತಪ್ಪು ಎನ್ನುತ್ತಾರೆ? ಆದರೆ ನ್ಯಾಯಮೂರ್ತಿಗಳಾದ ದೀಪಕ್ ಮಿಶ್ರಾ ಮತ್ತು ರೋಹಿಂಟನ್ ನಾರಿಮನ್ ಒಪ್ಪಲಿಲ್ಲ. ಕಾಯ್ದೆಯಲ್ಲಿರುವ 18 ವರ್ಷ ಎಂದರೆ ಹುಟ್ಟಿದ ದಿನದಿಂದ ಎಣಿಸುವ ವಯಸ್ಸೇ ಎಂದರು. ಆ ಹೊತ್ತಿಗೆ ಆರೋಪಿ ಸತ್ತಿದ್ದ. ಸಂತ್ರಸ್ತೆಗೆ ಸಂತ್ರಸ್ತರ ಪರಿಹಾರ ಯೋಜನೆಯಡಿ ಇರುವ ಗರಿಷ್ಠ ಪರಿಹಾರ ಕೊಡಲು ಆದೇಶವಾಯಿತು. ಆ ತಾಯಿಗೆ ಇದು ಕಹಿಯಾಗಿಯೇ ಕಂಡಿರಬೇಕು. ಆದರೂ ತೀರ್ಪು ಸರಿ ಎಂದೇ ನನ್ನ ಅಭಿಪ್ರಾಯ. ಮೃದುವಾದ ಕೋರ್ಟು ಬೇಕಾದರೆ ಅದನ್ನು ಎಲ್ಲ ಅಂಗವಿಕಲ ಸಂತ್ರಸ್ತರಿಗೂ ಕೊಡೋಣ. ಅದಕ್ಕಾಗಿ ಅವರನ್ನು ಜೀವನಪೂರ್ತಿ ಮಕ್ಕಳೆಂದು ಘೋಷಿಸುವ ಅಗತ್ಯವಿಲ್ಲ.

ಅದೇ ವರ್ಷದ ಆಗಸ್ಟ್ 17ರಂದು ಬಂದ ಬಿಹಾರದ ಪ್ರಕರಣ ಚಂಡೀಗಢದ ತೀರ್ಪಿನ ಇನ್ನೊಂದು ಮುಖ ತೋರಿಸುತ್ತದೆ. ಬೀದಿಯಲ್ಲಿ ಬದುಕುತ್ತಿದ್ದ, ಸೌಮ್ಯ ಬುದ್ಧಿಮಾಂದ್ಯತೆ ಇದ್ದ, ಎಚ್‌ಐವಿ ಸೋಂಕಿತ ಮಹಿಳೆ. ಅತ್ಯಾಚಾರದಿಂದ ಗರ್ಭಿಣಿಯಾಗಿದ್ದಳು. ಆಕೆಗೆ ಮಗು ಬೇಡವಾಗಿತ್ತು. ಆಕೆಯ ಒಪ್ಪಿಗೆಯೊಂದೇ ಸಾಕಿತ್ತು. ಆದರೆ ಸರ್ಕಾರಿ ಆಸ್ಪತ್ರೆ ತಂದೆಯ ಸಹಿ ತರಿಸಿತು, ಆದರೂ ಕೆಲಸ ಮಾಡಲಿಲ್ಲ. ಹೈಕೋರ್ಟೂ ಒಪ್ಪಲಿಲ್ಲ. ಸುಪ್ರೀಂ ಕೋರ್ಟಿಗೆ ಬರುವಷ್ಟರಲ್ಲಿ ಗರ್ಭಪಾತ ಮಾಡಿದರೆ ಜೀವಕ್ಕೇ ಅಪಾಯ ಎನ್ನುವ ಹಂತ ಬಂದಿತ್ತು. ಬಿಹಾರ ಸರ್ಕಾರ 10 ಲಕ್ಷ ರೂಪಾಯಿ ಪರಿಹಾರ ಕೊಡಬೇಕೆಂದು ಆದೇಶವಾಯಿತು. ಒಬ್ಬಳು ಬೇಕು ಎಂದಳು, ಬೇಡ ಎಂದು ಆದೇಶಿಸಿದರು. ಇನ್ನೊಬ್ಬಳು ಬೇಡ ಎಂದಳು, ಸಹಿ ಕೇಳುತ್ತಾ ಕಾಲ ಕಳೆದರು. ಎರಡೂ ಕಡೆ ತಪ್ಪಿದ್ದು ಒಂದೇ ಜಾಗದಲ್ಲಿ.

ಅದಾದ ಒಂದೇ ವಾರಕ್ಕೆ, ಆಗಸ್ಟ್ 24ರಂದು, ಖಾಸಗಿತನ ಮೂಲಭೂತ ಹಕ್ಕು ಎಂದು ಒಂಬತ್ತು ನ್ಯಾಯಮೂರ್ತಿಗಳ ಪೀಠ ಸಾರಿತು. ಆ ಕೇಸು ಹಾಕಿದವರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. ಹೆಣ್ಣಿನ ದೇಹದ ಮೇಲೆ ಹೆಣ್ಣಿನದೇ ಹಕ್ಕು ಎಂಬ ಮಾತಿಗೆ ಆ ತೀರ್ಪು ಆಧಾರವಾಗಿ ಉಲ್ಲೇಖಿಸಿದ್ದರಲ್ಲಿ ಚಂಡೀಗಢದ ಈ ಪ್ರಕರಣವೂ ಇದೆ. ಹೆಸರಿಲ್ಲದ ಒಬ್ಬ ಅನಾಥ ಯುವತಿಯ ಹಟ ಇವತ್ತು ನಮ್ಮೆಲ್ಲರ ಹಕ್ಕಿನ ಭಾಗ.

ಇನ್ನೂ ಬಿಟ್ಟುಹೋಗಿರುವುದು

ತೀರ್ಪನ್ನು ಎಷ್ಟೇ ಮೆಚ್ಚಿದರೂ ಅದರ ಮಿತಿ ಹೇಳಲೇಬೇಕು. ಆಕೆಯದು ಸೌಮ್ಯ ಪ್ರಮಾಣ ಎಂಬುದರ ಮೇಲೆ ಪೀಠ ತುಂಬಾ ಒತ್ತು ಕೊಟ್ಟಿತು. ಸೌಮ್ಯ, ಮಧ್ಯಮ ಪ್ರಮಾಣದವರು ಸ್ವಲ್ಪ ನೆರವಿದ್ದರೆ ಎಲ್ಲರಂತೆ ಬದುಕಬಲ್ಲರು ಎಂದಿತು. ಸರಿ. ತೀವ್ರ ಪ್ರಮಾಣದವರ ಗತಿ? ಮಾತು ಬಾರದ, ಸನ್ನೆಯಲ್ಲೇ ಎಲ್ಲ ಹೇಳುವ ಹೆಣ್ಣುಮಗಳ ಗತಿ?

2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಸ್ವಲ್ಪ ಮುಂದೆ ಹೋಗಿದೆ. ಅಂಗವಿಕಲ ಮಹಿಳೆಯ ಸ್ಪಷ್ಟ ಒಪ್ಪಿಗೆ ಇಲ್ಲದೆ ಗರ್ಭಪಾತ ಮಾಡಿದರೆ, ಮಾಡಿಸಿದರೆ, ಅದು ಅಪರಾಧ. 92ನೇ ಕಲಂ ಪ್ರಕಾರ ಆರು ತಿಂಗಳಿಂದ ಐದು ವರ್ಷದ ತನಕ ಜೈಲು. ತನ್ನ ಹಿಡಿತದಲ್ಲಿರುವ ಅಂಗವಿಕಲ ಮಹಿಳೆಯನ್ನು ಲೈಂಗಿಕವಾಗಿ ಬಳಸಿಕೊಳ್ಳುವವರಿಗೂ ಅದೇ ಕಲಂನಲ್ಲಿ ಶಿಕ್ಷೆ ಇದೆ. ಆದರೆ ಗರ್ಭಪಾತದ ವಿಷಯದಲ್ಲಿ ಅಲ್ಲೇ ಒಂದು ವಿನಾಯಿತಿ ಸೇರಿಕೊಂಡಿದೆ: ಅಂಗವಿಕಲತೆ ‘ತೀವ್ರ’ವಾಗಿದ್ದರೆ ವೈದ್ಯರ ಅಭಿಪ್ರಾಯ ಮತ್ತು ಪೋಷಕರ ಒಪ್ಪಿಗೆ ಸಾಕು. ಆಕೆಯನ್ನು ಒಂದು ಮಾತು ಕೇಳಿ, ಆಕೆ ಹೇಗೆ ಪ್ರತಿಕ್ರಿಯಿಸಿದಳು ಎಂದು ಬರೆದಿಡಿ ಎಂದು ಆ ಸಾಲಿನಲ್ಲಿ ಎಲ್ಲೂ ಇಲ್ಲ. ಪೋಷಕರೇ ಅತ್ಯಾಚಾರದ ಆರೋಪ ಹೊತ್ತವರ ಕಡೆಯವರಾಗಿದ್ದರೆ ಏನು ಮಾಡಬೇಕು ಎಂದೂ ಇಲ್ಲ.

ಚಂಡೀಗಢದಲ್ಲಿ ಸತ್ಯ ಹೊರಬಂದದ್ದು ಸಮಿತಿಯೊಂದು ಆಕೆಯ ಎದುರು ಕೂತು ಕೇಳಿದ್ದರಿಂದ, ಕೇಳಿದ್ದನ್ನು ಬರೆದಿಟ್ಟಿದ್ದರಿಂದ. ಆ ಕಾಗದ ಇಲ್ಲದಿದ್ದರೆ ಸುಪ್ರೀಂ ಕೋರ್ಟಿನ ಮುಂದೆ ಇರುತ್ತಿದ್ದುದು ಸರ್ಕಾರದ ಮಾತು ಮಾತ್ರ. ಹಾಗಾಗಿ ಇಂಥ ಪ್ರತಿ ಪ್ರಕರಣದಲ್ಲೂ ವಿಶೇಷ ಶಿಕ್ಷಕರ ನೆರವಿನಿಂದ ಆಕೆಯನ್ನು ಕೇಳುವುದು, ಆಕೆಯ ಮಾತು, ಸನ್ನೆ, ಅಳು, ಮೌನ ಏನಿದ್ದರೂ ದಾಖಲಿಸುವುದು ಕಡ್ಡಾಯವಾಗಬೇಕು. ಸಂಸ್ಥೆಯ ಸಿಬ್ಬಂದಿ ಮತ್ತು ಪೋಷಕರು ಆ ಹೊತ್ತಿಗೆ ಕೋಣೆಯಿಂದ ಹೊರಗಿರಬೇಕು. ಕಾಯ್ದೆಗೆ ತಿದ್ದುಪಡಿ ಬರುವ ತನಕ ಕಾಯಬೇಕಿಲ್ಲ. ಯಾವ ಆಸ್ಪತ್ರೆಯಾದರೂ, ಯಾವ ಕೋರ್ಟಾದರೂ ಇವತ್ತೇ ಇದನ್ನು ಶುರುಮಾಡಬಹುದು.